ಬೆಕ್ಕಿನ ಬಾಯಿ, ನಮ್ಮ ಹೊಸ್ತಿಲು

ನಮ್ಮ ಮನೆಯಲ್ಲಿ ಕೆಟ್ಟ ವಾಸನೆಗೆಲ್ಲ ಒಂದೇ ಕಾರಣ: ಎಲ್ಲೋ ಮಾಂಸ ತಾಗಿದೆ. ಶಿರಹಟ್ಟಿಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗಿನಿಂದ ಒಂದು ತತ್ತಿಯೂ ಹೊಸ್ತಿಲು ದಾಟಿದ್ದನ್ನು ಕಂಡಿಲ್ಲ. ಹೀಗಾಗಿ ಸಾಕಿದ ಬೆಕ್ಕಿನ ಬಾಯಿ ನಾರತೊಡಗಿದಾಗ ಅತ್ತೆ ತೀರ್ಪು ಕೊಡಲು ತಡಮಾಡಲಿಲ್ಲ.

“ಇಲಿ ತಿಂದ ಬಂದೈತಿ. ಪೂಜಿ ಮುಗಿಯೂತನಾ ಒಳಗ ಬಿಡಬ್ಯಾಡ.”

ಅಂದಿನಿಂದ ದಿನಾ ಬೆಳಿಗ್ಗೆ ಅತ್ತೆಯ ಲಿಂಗಪೂಜೆ ಮುಗಿಯುವವರೆಗೆ ಬೆಕ್ಕು ಹಿತ್ತಲಿನಲ್ಲಿ, ಬಾಗಿಲು ಹಾಕಿ. ನಾನೂ ನಂಬಿದೆ. ಬೆಕ್ಕು ಅಂದಮೇಲೆ ಇಲಿ ತಿನ್ನದೆ ಹೋಳಿಗೆ ತಿನ್ನುತ್ತದೆಯೆ? ಆದರೆ ಅಷ್ಟು ಇಲಿ ತಿನ್ನುವ ಬೆಕ್ಕಿನ ಬೆನ್ನೆಲುಬು ಕೈಗೆ ಹತ್ತುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ರೊಟ್ಟಿ ಬಡಿಯುವ ಸಪ್ಪಳಕ್ಕೆ ಓಡಿ ಬರುತ್ತಿತ್ತು. ಹಾಲಿನಲ್ಲಿ ನೆನೆಸಿದ ರೊಟ್ಟಿಗೆ ಬಾಯಿ ಹಚ್ಚುತ್ತಿತ್ತು, ಮರುಕ್ಷಣವೇ ಯಾರೋ ಹೊಡೆದಂತೆ ಚೀರಿ ಓಡುತ್ತಿತ್ತು. ತುಸು ಹೊತ್ತಿಗೆ ಮತ್ತೆ ಬರುತ್ತಿತ್ತು. ಆ ಹಸಿವನ್ನು ನೋಡುವುದು ನನ್ನಿಂದ ಆಗಲಿಲ್ಲ. ಕೊನೆಗೆ ಹಿಡಿದುಕೊಂಡು ತುಟಿ ಎತ್ತಿ ನೋಡಿದೆ. ವಸಡು ಹಸಿ ಗಾಯದಂತೆ ಕೆಂಪಗಿತ್ತು, ಹಿಂದಿನ ಹಲ್ಲುಗಳ ಬುಡದಲ್ಲಿ ಕೀವು.

ಕಾಯಿಪಲ್ಲೆ ಚೀಲದಲ್ಲಿ ಬೆಕ್ಕನ್ನು ಹಾಕಿಕೊಂಡು ಗದಗಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಚೀಲದಾಗ ಏನೈತ್ರಿ, ಮೀನ ಏನು?”

ನನ್ನ ಹಣೆಯ ವಿಭೂತಿ ನೋಡಿಯೂ ಕೇಳಿದಳು! ಬೇರೆ ದಿನವಾಗಿದ್ದರೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುತ್ತಿದ್ದೆ. ಅಂದು “ಹೂಂ” ಎಂದು ಕಿಟಕಿ ಸರಿಸಿದೆ.

ಪಶು ಆಸ್ಪತ್ರೆಯಲ್ಲಿ ಎಮ್ಮೆ, ಆಕಳುಗಳ ಸರದಿ ಮುಗಿದ ಮೇಲೆ ಡಾಕ್ಟರು ಬೆಕ್ಕಿನ ಬಾಯಿ ತೆರೆದು ನೋಡಿದರು.

“ಇಲಿ ಹಿಡಿಯೂದ ದೂರ ಉಳೀತ್ರಿ ಅಕ್ಕಾರ, ಇದಕ್ಕ ನುಂಗಾಕನೂ ಆಗವಲ್ದು. ಹಲ್ಲು ಕೊಳತಾವ, ಕೀಳಬೇಕು. ಹುಬ್ಬಳ್ಳಿಗೆ ಒಯ್ಯಬೇಕಾಕೈತಿ. ಆದ್ರ ಇಷ್ಟು ಸೊರಗಿದ ಮೈ ಮತ್ತಿನ ಮದ್ದು ತಡಕೊಳ್ಳೂದಿಲ್ಲ. ಮೊದಲ ಹೊಟ್ಟಿಗೆ ತಿನಸ್ರಿ.”

“ಹಲ್ಲು ಬ್ಯಾನಿಗೇ ತಿನ್ನವಲ್ದಲ್ರಿ!”

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅಂದಂತಾಯಿತು. ಗಾದೆ ನೆನಪಾಗಿ ನಗು ಬರಲಿಲ್ಲ, ಅಳು ಬಂತು. ಅವರು ನೋವಿಗೆ ಒಂದು ಇಂಜೆಕ್ಷನ್ ಕೊಟ್ಟರು. ಹಾಲು ರೊಟ್ಟಿ ಸಾಲದು, ತತ್ತಿ ಕುದಿಸಿ ಅದರ ಹಳದಿಯನ್ನು ತೆಳ್ಳಗೆ ಕಲಸಿ ನೆಕ್ಕಿಸಿ ಎಂದರು. ಅದೂ ಇಳಿಯದಿದ್ದರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದೂ ಹೇಳಿದರು.

ದಾರಿಯುದ್ದಕ್ಕೂ ಅತ್ತೆಗೆ ಏನು ಹೇಳಬೇಕೆಂದು ಮಾತು ಜೋಡಿಸಿಕೊಂಡು ಬಂದೆ. ಎಲ್ಲ ಕೇಳಿಸಿಕೊಂಡ ಅವರು ತತ್ತಿಯ ಸುದ್ದಿಯನ್ನೇ ಎತ್ತಲಿಲ್ಲ.

“ಅಂದ್ರ ಅದು ಇಲಿ ತಿಂದಿದ್ದಿಲ್ಲನ?”

“ಇಲ್ರಿ ಅತ್ತಿ. ಅದು ಏನೂ ತಿಂದಿಲ್ಲ.”

ಚೀಲದೊಳಗೆ ಬಗ್ಗಿ ನೋಡಿದರು. ಆಮೇಲೆ ಎದ್ದರು. “ಹೋಗು, ತತ್ತಿ ತಗೊಂಡ ಬಾ. ಹಿತ್ತಲದಾಗ ಕುದಸೂಣು.”

ಕಾಗದದಲ್ಲಿ ಸುತ್ತಿ, ಕಳ್ಳತನದ ಮಾಲಿನಂತೆ ತಂದೆ. ಹಿತ್ತಲಿನ ನೀರೊಲೆಯ ಮೇಲೆ ಹಳೆ ಡಬ್ಬಿಯಲ್ಲಿ ಕುದಿಸಿದೆ. ಸಿಪ್ಪೆ ಬಿಡಿಸುವಾಗ ವಾಸನೆಗೆ ಮುಖ ತಿರುಗಿಸಿದೆ. ಅತ್ತೆ ನನ್ನ ಕೈಯಿಂದ ಅದನ್ನು ಕಸಿದುಕೊಂಡರು. ತಾವೇ ಬಿಡಿಸಿ, ಬಿಸಿನೀರು ಹಾಕಿ ಹಳದಿಯನ್ನು ಕಿವುಚಿ, ಬೆರಳಿಗೆ ಹಚ್ಚಿಕೊಂಡು ಬೆಕ್ಕಿನ ಮುಂದೆ ಹಿಡಿದರು.

“ತಿನ್ನವಾ. ನೋಡಿಲ್ಲಿ, ನಾನ ಮುಟ್ಟೀನಿ.”

ಬೆಕ್ಕು ಮೂಸಿತು. ಒಮ್ಮೆ ನೆಕ್ಕಿತು. ಚೀರಿ, ಕಟ್ಟಿಗೆ ಒಟ್ಟಿದ ಸಂದಿಗೆ ನುಗ್ಗಿತು. ಬಗ್ಗಿ ನೋಡಿದರೆ ಕಣ್ಣು ಮಾತ್ರ ಕಾಣುತ್ತಿದ್ದವು, ಅತ್ತೆಯ ಬೆರಳನ್ನೇ ನೋಡುತ್ತಿದ್ದವು.

ಸಂಜೆಯಾಯಿತು. ನಾನು ಕೈ ತೊಳೆಯಲು ನೀರು ತಂದಿಟ್ಟೆ. ಅತ್ತೆ ತಂಬಿಗೆ ಮುಟ್ಟಲಿಲ್ಲ. ಕಟ್ಟಿಗೆಯ ಮುಂದೆ ನೆಲದ ಮೇಲೆ ಕೂತು, ಒಣಗಿದ ಬೆರಳನ್ನು ಮತ್ತೆ ಹಳದಿಯಲ್ಲಿ ಅದ್ದಿ ಕೈ ಚಾಚಿದರು.

“ದೇವರ ಮುಂದ ದೀಪಾ ನೀನ ಹಚ್ಚವಾ,” ಎಂದರು ನನ್ನ ಕಡೆ ತಿರುಗದೆ. “ಇದು ತಿನ್ನೂತನಾ ನಾ ಒಳಗ ಬರೂದಿಲ್ಲ.”