ಒಬ್ದುಲಿಯಾಳ ಬತ್ತಿ

ನಮ್ಮೂರು ಸಾನ್ ಹ್ವಾನ್ ತುಲಾಕಿನಲ್ಲಿ ಬಾಣಬಿರುಸಿನ ಮದ್ದು ಅರೆಯುವವರು ಬೀದಿಗೊಬ್ಬರಿದ್ದಾರೆ, ಬತ್ತಿ ಹೊಸೆಯುವವರು ಕಡಿಮೆ. ಬತ್ತಿಗೆ ತಾಳ್ಮೆ ಬೇಕು. ನನಗೆ ಅದು ಹುಟ್ಟಿನಿಂದಲೇ ಇಲ್ಲ, ಅದಕ್ಕೇ ಬಾಣಬಿರುಸಿಗೆ ಜೊಂಡಿನ ಚೌಕಟ್ಟು ಕಟ್ಟುವವನಾದೆ. ಒಬ್ದುಲಿಯಾಗೆ ಬೇಕಾದಷ್ಟಿತ್ತು. ಹತ್ತಿ ನೂಲನ್ನು ಗಂಜಿ ಬೆರೆಸಿದ ಮದ್ದಿನಲ್ಲಿ ಎಳೆದು, ಅಂಗಳದಲ್ಲಿ ಒಣಹಾಕಿ, ಕಾಗದ ಸುತ್ತುತ್ತ ಕೂತಳೆಂದರೆ ಎದುರಿಗೆ ಜಗಳವಾದರೂ ಅವಳ ಬೆರಳು ನಿಲ್ಲುತ್ತಿರಲಿಲ್ಲ. ದಪ್ಪ ಹೆಂಗಸು, ಗಟ್ಟಿ ನಗು, ಮೊಣಕೈವರೆಗೆ ಮಸಿ. ಅವಳ ಬತ್ತಿ ಮಳೆಯಲ್ಲೂ ಆರದೆಂದು ದೂರದೂರಿನವರು ಬಂದು ಕೊಂಡೊಯ್ಯುತ್ತಿದ್ದರು.

ಅವಳ ಗಂಡ ನಿಕಾಂದ್ರೊ ನನಗೆ ಕಂಪಾದ್ರೆ. ನನ್ನ ಮಗಳಿಗೆ ಹೆಸರಿಡುವಾಗ ಇಗರ್ಜಿಯಲ್ಲಿ ಎತ್ತಿಕೊಂಡವರು ಆ ಗಂಡಹೆಂಡಿರೇ. ಅಂದಿನಿಂದ ಅವಳು ನನಗೆ ಕಮಾದ್ರೆ, ನಾನು ಅವರಿಬ್ಬರಿಗೂ ಕಂಪಾದ್ರೆ.

ನಮ್ಮ ಬಾಣಬಿರುಸಿನ ಗೋಪುರಗಳ ನೆತ್ತಿಯಲ್ಲಿ ಒಂದು ಕಿರೀಟವಿರುತ್ತದೆ, ಜೊಂಡಿನ ಚಕ್ರಕ್ಕೆ ಸುತ್ತಲೂ ಮದ್ದಿನ ಕೊಳವೆ ಕಟ್ಟಿದ್ದು. ಕೊನೆಯಲ್ಲಿ ಅದು ಗಿರ್ರನೆ ತಿರುಗಿ ಗೋಪುರ ಬಿಟ್ಟು ಹಾರಿಹೋಗುತ್ತದೆ. ಎಲ್ಲಿ ಬಿದ್ದರೂ ಹುಡುಕಿ ತಂದು ಕಟ್ಟಿದವನ ಬಾಗಿಲಲ್ಲಿ ಇಡಬೇಕು, ಅದು ಊರಿನ ಪದ್ಧತಿ. ತಾನೇ ಒಳಗೆ ಕೂತು ಆಕಾಶದಾಚೆ ಹೋಗಿ ಬರಲೆಂದು ನಿಕಾಂದ್ರೊ ಮನೆಯಷ್ಟು ದೊಡ್ಡ ಕಿರೀಟ ಕಟ್ಟಿದ. ನಡುವೆ ಪುಲ್ಕೆ ಹೆಂಡದ ಪೀಪಾಯಿ ಕೂರಿಸಿ, ಸಂದಿಗೆಲ್ಲ ರಾಳ ಮೆತ್ತಿ, ಸಂತನ ಗೂಡಿನ ಗಾಜನ್ನು ಕಿಟಕಿ ಮಾಡಿದ. ಉಸಿರಾಡಲು ಗಾಳಿ ತುಂಬಿದ ಮೇಕೆ ಚರ್ಮಗಳು, ಬಿಟ್ಟ ಉಸಿರನ್ನು ಹೀರಲು ಜೋಳ ಬೇಯಿಸುವ ಸುಣ್ಣ, ತಿನ್ನಲು ಒಣರೊಟ್ಟಿ. ಒಂದು ಸಾಲು ಕೊಳವೆ ಹೋಗುವುದಕ್ಕೆ, ಇನ್ನೊಂದು ಬರುವುದಕ್ಕೆ. ಎಲ್ಲಕ್ಕೂ ಹೆಂಡತಿ ಹೊಸೆದ ಬತ್ತಿ, ತುದಿ ಪೀಪಾಯಿಯ ಒಳಗೆ.

ಹೋದ. ಬರಲಿಲ್ಲ.

ಇಳಿಯುವ ಬೆಂಕಿ ನೋಡಲು ಊರಿಗೆ ಊರೇ ಮಾಳಿಗೆ ಹತ್ತಿ ಕಾದಿತ್ತು. ಬೆಂಕಿ ಕಾಣಲಿಲ್ಲ. ಅಂದಿನಿಂದ ದಿನಾ ಮುಸ್ಸಂಜೆ ಹೊತ್ತಿಗೆ ಗಂಟೆಗೋಪುರದ ಮೇಲೆ ಒಂದು ಚುಕ್ಕಿ ಸರಿದುಹೋಗುತ್ತಿತ್ತು. ಅದೇ ಅವನ ಕಿರೀಟ. ಮೊದಲು ಅತ್ತವರು ಆಮೇಲೆ ಬಾಯಿ ಬಿಟ್ಟರು. ಬತ್ತಿ ಮೇಲೆ ಆರಿರಬೇಕು ಎಂದರು. ಗೋಪುರದ ಗುತ್ತಿಗೆ ಹಿಡಿಯುವ ಚೋನ್ ಅವಳ ಅಂಗಳಕ್ಕೇ ಬಂದು, “ಈ ಸಲ ನಿಮ್ಮ ಬತ್ತಿ ಬೇಡ, ದೋನ್ಯಾ ಒಬ್ದುಲಿಯಾ, ಗಂಡನ್ನೇ ಇಳಿಸದ ಬತ್ತಿ ಅಂತ ಜನ ಹೆದರ್ತಾರೆ” ಎಂದ. ನಾನು ಅಲ್ಲೇ ಇದ್ದೆ. ಅವನ ಕೊರಳಪಟ್ಟಿ ಹಿಡಿದೆ. ಒಬ್ದುಲಿಯಾ ನೂಲು ಎಳೆಯುತ್ತಲೇ, “ಬಿಡು ಕಂಪಾದ್ರೆ, ಅಂಗಿ ಹರಿದ್ರೆ ಅವನ ಹೆಂಡ್ತಿ ಹೊಲೀಬೇಕು” ಎಂದಳು.

ಚೋನ್ ಹೋದ ಮೇಲೆ ಕೇಳಿದಳು:

“ಕಿರೀಟ ಎಲ್ಲಿದ್ರೂ ಹುಡುಕಿ ತರಬೇಕು ಅಲ್ವಾ?”

“ಬಿದ್ರೆ ತರಬೇಕು. ಅದು ಬಿದ್ದಿಲ್ಲವಲ್ಲ.”

“ಹಾಗಾದ್ರೆ ಮೇಲಿಂದ ತರೋಣ. ನೀನು ಜೊಂಡು ಕಟ್ಟು.”

“ತಲೆ ಕೆಟ್ಟಿದ್ಯಾ ನಿನಗೆ?”

“ಕೆಟ್ಟಿರೋದು ನನ್ನ ಬತ್ತಿಯ ಹೆಸರು. ನಿಜವಾಗ್ಲೂ ಆರಿದ್ರೆ, ಅವನನ್ನ ಕೊಂದೋಳು ನಾನೇ. ಕಣ್ಣಾರೆ ನೋಡ್ಬೇಕು. ಆರಿದ್ದು ಹೌದಾದ್ರೆ ಮತ್ತೆಂದೂ ಹೊಸೆಯೋದಿಲ್ಲ.”

ಮುಂದಿನ ಬೇಸಿಗೆಗೆ ನಮ್ಮಿಬ್ಬರಿಗೆ ಅಂಥದೇ ಇನ್ನೊಂದು ಕಿರೀಟ ಸಿದ್ಧವಾಯಿತು. ಒಳಗೆ ಕೂತು, ಚುಕ್ಕಿ ಗಂಟೆಗೋಪುರದ ಮೇಲೆ ಬರುವುದನ್ನೇ ಕಾದು ಬೆಂಕಿ ಕೊಟ್ಟೆವು. ಎದೆಯ ಮೇಲೆ ಎತ್ತು ಕೂತಂತಾಯಿತು. ಹಲ್ಲು ಕಟಕಟಿಸಿದವು, ನಾನು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಕೊಳವೆಗಳು ಉರಿದು ಮುಗಿದವು, ಸದ್ದು ನಿಂತಿತು. ಅಂಥ ಮೌನವನ್ನು ನಾನು ಕೇಳಿರಲಿಲ್ಲ. ನಮ್ಮೂರಿನಲ್ಲಿ ನಾಯಿಗಳೂ ಪಟಾಕಿಯ ನಡುವೆಯೇ ನಿದ್ದೆ ಮಾಡುತ್ತವೆ.

ಕಿರೀಟ ಮೆಲ್ಲಗೆ ತಿರುಗುತ್ತಿತ್ತು. ಗಾಜಿನಲ್ಲಿ ಕಪ್ಪು, ಸೂರ್ಯ, ಮತ್ತೆ ಕಪ್ಪು. ಆಮೇಲೆ ಭೂಮಿ ಬಂತು. ನಾನು ಬೈಯಲು ತೆರೆದಿದ್ದ ಬಾಯಿ ತೆರೆದೇ ಉಳಿಯಿತು. ನಮ್ಮ ಎರಡು ಹಿಮದ ಬೆಟ್ಟಗಳು ಉಪ್ಪಿನ ಎರಡು ಹರಳುಗಳಾಗಿದ್ದವು. ನಾಡಿನ ಎರಡೂ ಬದಿಯ ಕಡಲು ಒಟ್ಟಿಗೇ ಕಾಣುತ್ತಿದ್ದವು. ಅಂಚಿನಲ್ಲಿ ಉಗುರಿನಷ್ಟು ತೆಳುವಾಗಿ ನೀಲಿ. ನಮ್ಮ ಉಸಿರು, ಹೊಗೆ, ಮಳೆ ಎಲ್ಲವೂ ಅಷ್ಟರೊಳಗೇ.

“ಆಮೇಲೆ ನೋಡುವಿಯಂತೆ, ಹಗ್ಗ ಹಿಡಿ” ಎಂದಳು ಒಬ್ದುಲಿಯಾ.

ಸಣ್ಣ ಕೊಳವೆಗಳನ್ನು ಒಂದೊಂದಾಗಿ ಉರಿಸುತ್ತ ಅವನ ಕಿರೀಟದ ಬಳಿ ಸರಿದೆವು. ಜೊಂಡಿಗೆ ಕೊಕ್ಕೆ ಹಾಕಿ ಎಳೆದು, ಅವನ ಪೀಪಾಯಿಯ ಬಾಯಿಗೆ ನಮ್ಮದರ ಬಾಯಿ ಕೊಟ್ಟು, ನಡುವೆ ರಾಳ ಹಚ್ಚಿದ ಎತ್ತಿನ ಚರ್ಮ ಬಿಗಿದು ಮುಚ್ಚಳ ತೆಗೆದೆವು. ನಿಕಾಂದ್ರೊ ಗಾಜಿಗೆ ಕೆನ್ನೆ ಆನಿಸಿ, ಟೋಪಿ ತೊಡೆಯ ಮೇಲಿಟ್ಟು ಕೂತಿದ್ದ. ಚಳಿ ಅವನನ್ನು ಕೆಡದಂತೆ ಕಾದಿತ್ತು. ಅವನ ಕಿವಿಯ ಪಕ್ಕದಲ್ಲೇ ಇಳಿಯುವ ಸಾಲಿನ ಬತ್ತಿಯ ತುದಿ ನೇತಾಡುತ್ತಿತ್ತು.

ಒಬ್ದುಲಿಯಾ ಗಂಡನ ತಲೆ ಸವರಿದಳು. ಆಮೇಲೆ ಬತ್ತಿಯನ್ನು ಬೆರಳ ನಡುವೆ ಹಿಡಿದು ಉದ್ದಕ್ಕೂ ಎಳೆದು ನೋಡಿದಳು. ಎಲ್ಲೂ ಸುಟ್ಟಿರಲಿಲ್ಲ, ಎಲ್ಲೂ ಮುರಿದಿರಲಿಲ್ಲ. ಬೆಂಕಿಪೆಟ್ಟಿಗೆಯಲ್ಲಿ ಕಡ್ಡಿ ಬೇಕಾದಷ್ಟಿತ್ತು.

“ಹಚ್ಚೇ ಇಲ್ಲ” ಎಂದಳು. “ನಿಕಾಂದ್ರೊ, ಹಚ್ಚೇ ಇಲ್ಲವಲ್ಲೋ ನೀನು.”

ನನಗೆ ಸತ್ತವನ ಮೇಲೆ ಸಿಟ್ಟು ನೆತ್ತಿಗೇರಿತು. ಅವಳು ಅವನ ಪಕ್ಕ ಕೂತು, ಅವನು ನೋಡುತ್ತಿದ್ದ ಕಡೆಗೇ ನೋಡಿದಳು. ಕೆಳಗೆ ಕತ್ತಲೆಯ ಕಡಲು. ಮೋಡದೊಳಗೆ ಮಿಂಚು, ಎಷ್ಟೋ ಊರುಗಳು ಒಟ್ಟಿಗೆ ಬಾಣ ಬಿಟ್ಟಂತೆ. ಅಂಚು ಮೊದಲು ಕೆಂಪಾಯಿತು, ಆಮೇಲೆ ಬಂಗಾರವಾಯಿತು, ಬೆಳಕು ಒಮ್ಮೆಲೇ ನೆಲದ ಮೇಲೆಲ್ಲ ಚೆಲ್ಲಿಕೊಂಡಿತು.

“ಇನ್ನೊಂದು ಸುತ್ತು, ಇನ್ನೊಂದೇ ಸುತ್ತು ಅಂತ ಕೂತುಬಿಟ್ಟಿದ್ದಾನೆ” ಎಂದಳು. “ಯಾರ ಮದುವೆಗೆ ಹೋದ್ರೂ ಹೀಗೇ. ಎಬ್ಬಿಸಿ ಕರ್ಕೊಂಡು ಬರೋಕೆ ನಾನೇ ಹೋಗ್ಬೇಕಿತ್ತು.”

ನಾನೂ ನೋಡುತ್ತಿದ್ದೆ. ಮತ್ತೆ ಬೆಟ್ಟಗಳು ಬಂದವು, ಮತ್ತೆ ಕಡಲು, ಮತ್ತೆ ಮಿಂಚು. ಅವಳು ಭುಜ ಹಿಡಿದು ಅಲುಗಿಸಿದಾಗ ಕೊನೆಯ ಮೇಕೆ ಚರ್ಮ ಅರ್ಧಕ್ಕೆ ಕುಗ್ಗಿತ್ತು.

“ನೀನೂ ಇಲ್ಲೇ ಕೂರ್ತೀಯಾ? ಏಳು.”

ನಮ್ಮ ಇಳಿಯುವ ಕೊಳವೆಗಳ ಬತ್ತಿಯನ್ನು ಅವಳು ಅವನ ಬತ್ತಿಗೆ ಗಂಟು ಹಾಕಿದಳು. ಒಂದೇ ಬೆಂಕಿ, ಎರಡು ಕಿರೀಟ.

“ಕಮಾದ್ರೆ, ಅದು ಹಳೇದು, ಚಳಿ ತಿಂದಿದೆ” ಎಂದು ಕೂಗಾಡಿದೆ. “ಹೊಸದನ್ನ ಹಚ್ಚು. ಇಬ್ಬರೂ ಸಾಯ್ತೀವಿ.”

“ಆರೋದಾದ್ರೆ ನನ್ನ ಕಣ್ಣೆದುರಿಗೆ ಆರಲಿ.”

ಕಡ್ಡಿ ಗೀರಿದಳು. ಬತ್ತಿ ಹೊಗೆಯಾಡಿತು, ಸುಮ್ಮನಾಯಿತು. ನಾನು ಕಣ್ಣು ಮುಚ್ಚಿದೆ. ಆಗ ಸುರ್ರೆಂಬ ಸದ್ದು ಕೇಳಿಸಿತು, ಅವಳ ಅಂಗಳದಲ್ಲಿ ಎಷ್ಟೋ ವರ್ಷಗಳಿಂದ ಕೇಳಿದ ಅದೇ ಸದ್ದು.

ಇಳಿಯುವ ಬೆಂಕಿಯನ್ನು ಊರು ಮಾಳಿಗೆಯಿಂದ ನೋಡಿತು. ಕಂಬಳಿ ಹೊಲಿದು ಮಾಡಿದ ಕೊಡೆ ಬಿಚ್ಚಿಕೊಂಡು ಜೋಳದ ಹೊಲದಲ್ಲಿ ಬಿದ್ದೆವು. ನನ್ನ ಕಾಲು ಮುರಿಯಿತು. ಊರವರು ನಿಕಾಂದ್ರೊನನ್ನು ಕಿರೀಟದ ಸಮೇತ ಹೊತ್ತು ಅವನ ಬಾಗಿಲಿಗೆ ತಂದರು. ಒಂದು ಕೊಳವೆಯೂ ಉರಿಯದೆ ಉಳಿದಿರಲಿಲ್ಲ. ಚೋನ್ ಕೊಳವೆಗಳನ್ನು ಮುಟ್ಟಿ ಮುಟ್ಟಿ ನೋಡಿ ಟೋಪಿ ತೆಗೆದ. ಹೂಳಿದ ಮರುವಾರ ಬತ್ತಿ ಕೇಳಲು ಬಂದ.

“ಸಾಲಿನಲ್ಲಿ ನಿಲ್ಲು” ಎಂದಳು ಅವಳು.

ಈಗಲೂ ಹೊಸೆಯುತ್ತಾಳೆ. ಮುಸ್ಸಂಜೆಗೆ ಮಾತ್ರ ಆ ಬೆರಳುಗಳು ನಿಂತುಬಿಡುತ್ತವೆ. ಗಂಟೆಗೋಪುರದ ಮೇಲೆ, ಚುಕ್ಕಿ ಇಲ್ಲದ ಜಾಗವನ್ನು ನೋಡುತ್ತ ಕೂರುತ್ತಾಳೆ.

“ಗಂಜಿ ಒಣಗ್ತಿದೆ ಕಮಾದ್ರೆ” ಎಂದು ಗದರುತ್ತೇನೆ.

“ತಡಿ, ಅಲ್ಲೀಗ ಬೆಳಗಾಗ್ತಿರುತ್ತೆ” ಅನ್ನುತ್ತಾಳೆ.