ಸೈಕಲ್ ಟ್ಯೂಬು ಹಿಡಿದ ಚುಕ್ಕಾಣಿ

ಅಬ್ಬಿಗೆರೆಯಲ್ಲಿ ಬೆಳೆದವನಿಗೆ ನೌಕಾಯಾನದ ಹುಚ್ಚು ಹಿಡಿಯಬಾರದು ಎಂಬ ಕಾನೂನೇನೂ ಇಲ್ಲ. ಡಿಗ್ರಿ ಎರಡನೇ ವರ್ಷದಲ್ಲಿ ನನಗೆ ಹಿಡಿಯಿತು. ಸಮುದ್ರ ದೂರ, ಹಾಗಾಗಿ ಯಲಹಂಕದಾಚೆಯ ಒಂದು ಕೆರೆಗೆ ಕೃಪೆ ತೋರಿದೆ. ಅಲ್ಲಿ ಧಾರವಾಡ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ತಾವೇ ಕಟ್ಟಿದ ಪುಟ್ಟ ಹಾಯಿದೋಣಿಯಲ್ಲಿ ಭಾನುವಾರ ಪಾಠ ಹೇಳುತ್ತಿದ್ದರು. ಗಾಳಿ ನೋಡಲು ಅವರು ಕಣ್ಣು ಮುಚ್ಚಿ, ಕೆನ್ನೆ ಮುಂದೆ ಚಾಚಿ, ಕ್ಷೌರಕ್ಕೆ ಕೂತವರಂತೆ ನಿಶ್ಚಲರಾಗುತ್ತಿದ್ದರು. ನಾನು ಮೊದಲು ಕಲಿತದ್ದು ಈ ಭಂಗಿಯನ್ನು. ದೋಣಿ ನಡೆಸುವುದು ಆಮೇಲೆ.

ಒಬ್ಬನೇ ಹೋದರೆ ಒಂದು ಕೈ ಹಾಯಿಯ ಹಗ್ಗಕ್ಕೆ, ಇನ್ನೊಂದು ಚುಕ್ಕಾಣಿಗೆ. ಮೂಗು ತುರಿಸಿದರೆ ಕೇಳುವವರಿಲ್ಲ. ಅದಕ್ಕೆ ಮೇಷ್ಟ್ರ ಪರಿಹಾರ: ಹಾಯಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಚುಕ್ಕಾಣಿಯ ಹಿಡಿಗೆ ಕಟ್ಟುವುದು, ಎದುರು ಬದಿಯಿಂದ ಹಳೇ ಸೈಕಲ್ ಟ್ಯೂಬು ಬಿಗಿಯುವುದು. ಗಾಳಿ ಜೋರಾದರೆ ಹಗ್ಗ ಎಳೆಯುತ್ತದೆ, ಇಳಿದರೆ ಟ್ಯೂಬು ಎಳೆಯುತ್ತದೆ. ನಡುವೆ ನಾವು ಜಮೀನ್ದಾರರಂತೆ ಕೂರಬಹುದು.

“ಒಂದು ನೆನಪಿಡು ತಮ್ಮಾ, ಈ ಟ್ಯೂಬು ದಡಾ ನೋಡಂಗಿಲ್ಲ, ಗಾಳಿ ನೋಡತೈತಿ. ಗಾಳಿ ತಿರುಗಿದ್ರ ಅದೂ ತಿರುಗತೈತಿ. ದಡಾ ನೋಡೋದು ನಿನ್ನ ಕೆಲಸ” ಎಂದಿದ್ದರು.

ಆ ಮಾತನ್ನು ಅವರ ದನಿಯಲ್ಲೇ ಚೆನ್ನಾಗಿ ಬಾಯಿಪಾಠ ಮಾಡಿಕೊಂಡೆ. ಅರ್ಥ ಮಾಡಿಕೊಳ್ಳಲು ಪುರುಸೊತ್ತಾಗಲಿಲ್ಲ.

ಪರೀಕ್ಷೆಯ ದಿನ ಬಂತು. ಕೈ ಬಿಟ್ಟುಕೊಂಡು ಆಚೆ ದಡ ಮುಟ್ಟಿದರೆ ಮುಂದಿನ ವಾರದಿಂದ ದೋಣಿ ನನ್ನೊಬ್ಬನ ಕೈಗೆ. ನಾನಾಗಲೇ ಕಾಲೇಜಿನಲ್ಲಿ ಕ್ಯಾಪ್ಟನ್ ಎಂದು ಕರೆಸಿಕೊಂಡಾಗಿತ್ತು. ಸಾಕ್ಷಿಗೆ ಗೆಳೆಯನೊಬ್ಬನನ್ನು ಏರಿಯ ಮೇಲೆ ನಿಲ್ಲಿಸಿದ್ದೆ. ಮೇಷ್ಟ್ರು ಅದೇ ಏರಿಯ ಇನ್ನೊಂದು ತುದಿಯ ತೂಬಿನ ಹತ್ತಿರ ಚಹಾ ಕುಡಿಯುತ್ತಿದ್ದರು.

ಟ್ಯೂಬು ಬಿಗಿದೆ. ಕೈ ಬಿಟ್ಟೆ. ದೋಣಿ ನನಗಿಂತ ಚೆನ್ನಾಗಿ ಹೋಯಿತು. ಖಾಲಿ ಕೈ ನೋಡಿ ನನ್ನೊಳಗಿನ ಕಲಾವಿದ ಎದ್ದು ಕೂತ. ಗೆಳೆಯನ ಕಡೆ ತಿರುಗಿ, ಕಣ್ಣು ಮುಚ್ಚಿ, ಕೆನ್ನೆ ಚಾಚಿ, ಮೇಷ್ಟ್ರ ದನಿ ತೆಗೆದು ಶುರು ಮಾಡಿದೆ: “ಗಾಳಿ ಕೆನ್ನಿಗೆ ಹತ್ತಬೇಕಲೇ ತಮ್ಮಾ! ನೀ ಮುಂಜಾನೆ ಮಾರಿ ತೊಳಕೊಂಡೀಯೋ ಇಲ್ಲೋ?”

“ಮಗಾ! ಕಣ್ ಬಿಡೋ!” ಗೆಳೆಯ ಕೂಗಿದ.

ಪ್ರೇಕ್ಷಕರ ಉತ್ಸಾಹ ಎಂದುಕೊಂಡು ಇನ್ನಷ್ಟು ಬಿಗಿಯಾಗಿ ಮುಚ್ಚಿದೆ. ಜಕ್ಕೂರಿನ ಕಡೆಯಿಂದ ಮೋಡ ಕವಿದು ಗಾಳಿ ಮೆಲ್ಲಗೆ ದಿಕ್ಕು ಬದಲಿಸಿತ್ತು. ಟ್ಯೂಬೋ, ಹೇಳಿದ ಮಾತು ಕೇಳುವ ಜಾತಿ. ಗಾಳಿಯ ಜೊತೆ ದೋಣಿಯನ್ನೂ ತಿರುಗಿಸಿತ್ತು. ನನಗೆ ಹೇಗೆ ಗೊತ್ತಾಗಬೇಕು? ಗಾಳಿ ಮೊದಲಿನಿಂದಲೂ ಅದೇ ಕೆನ್ನೆಗೆ ಬಡಿಯುತ್ತಿತ್ತು.

“ಮುಂದ?” ಎಂದಿತು ಅದೇ ದನಿ, ನನ್ನ ಬಾಯಿಂದಲ್ಲ.

ಕಣ್ಣು ಬಿಟ್ಟೆ. ದೋಣಿಯ ಮೂತಿ ತೂಬಿನ ಕಲ್ಲಿಗೆ ಮೆತ್ತಗೆ ತಾಗಿತು. ಮೇಲೆ ಮೇಷ್ಟ್ರು, ಕೈಯಲ್ಲಿ ಲೋಟ.

“ಸರ್, ಗಾಳಿ...”

“ಗಾಳಿ ಬರೋಬ್ಬರಿ ಐತಿ. ದನೀನೂ ಛಲೋ ತಗದಿ. ಆದ್ರ ನಾ ಕಣ್ಣು ಮುಚ್ಚೋದು ದಂಡಿ ಮ್ಯಾಲೆ ನಿಂತು.” ಬಗ್ಗಿ ಟ್ಯೂಬಿನ ಗಂಟು ನೋಡಿದರು. “ದೋಣಿ ಪಾಸಾತು. ಅದನ್ನ ಒಂದನ್ನೇ ಕಳಸ್ತೇನಿ. ನೀ ಇನ್ನೊಂದು ತಿಂಗಳು ನನ್ನ ಬಾಜೂಕ್ಕ ಕೂಡು.”

ಕೂತೆ. ಕಾಲೇಜಿನಲ್ಲಿ ಕ್ಯಾಪ್ಟನ್ ಪದವಿ ಗೆಳೆಯನ ದಯೆಯಿಂದ ಸೋಮವಾರವೇ ಹೋಯಿತು. ಮೇಷ್ಟ್ರ ಆ ಕೊನೆಯ ಮಾತನ್ನು ಈಗಲೂ ಅವರ ದನಿಯಲ್ಲೇ ಹೇಳಿ ನಗಿಸುತ್ತೇನೆ, ಕಣ್ಣು ಬಿಟ್ಟುಕೊಂಡು.