ಮೂರನೆಯ ಕೂಸಿನ ಲೆಕ್ಕ

ಕುಪ್ಪೇಲೂರಿನ ಸುಚಿತ್ರಾ ಪಿಯುಸಿ ಎರಡನೇ ವರ್ಷದಲ್ಲಿ ಗಣಿತವೊಂದರಲ್ಲೇ ಫೇಲಾಗಿದ್ದಳು. ಮತ್ತೆ ಪರೀಕ್ಷೆ ಕಟ್ಟುವ ಮೊದಲೇ ಮದುವೆಯಾಯಿತು, ಎರಡು ಹೆಣ್ಣುಮಕ್ಕಳಾದವು. ಚಿಕ್ಕವಳು ಭುವನಾ ಅಂಗನವಾಡಿಗೆ ಹೋಗತೊಡಗಿದಾಗ, ಆ ಪೇಪರ್ ಬರೆದೇ ತೀರುತ್ತೇನೆ ಎಂದು ಗಂಡ ಮಲ್ಲೇಶಪ್ಪನಿಗೆ ಹೇಳಿದಳು. ಅವನು ಬೇಡವೆನ್ನಲಿಲ್ಲ. ಬಸ್ಸು ಹತ್ತಿ ರಾಣೇಬೆನ್ನೂರಿನ ಸಮೀವುಲ್ಲಾ ಮಾಸ್ತರರ ಟ್ಯೂಷನ್ನಿಗೆ ಹೋಗತೊಡಗಿದಳು. ಅಲ್ಲಿಯ ಹುಡುಗಿಯರೆಲ್ಲ ಅವಳನ್ನು ಅಕ್ಕಾ ಎನ್ನುತ್ತಿದ್ದರು.

ಇತ್ತ ಅತ್ತೆ ಗುಡ್ಡವ್ವನದು ಒಂದೇ ಹಟ. ಎರಡು ಹೆಣ್ಣಾದ ಮೇಲೆ ಮೂರನೆಯದು ಗಂಡೇ, ಅದರ ಪಾಳಿ ಬಂದಿದೆ, ಓದು ಆಮೇಲೆ ಎನ್ನುತ್ತಿದ್ದಳು. ಕೇಳಿ ಕೇಳಿ ಮಲ್ಲೇಶಪ್ಪನೂ ಹೌದೇನೋ ಎನ್ನತೊಡಗಿದ. ಖರೇ ಇರಬಹುದೇ ಎಂದು ಸುಚಿತ್ರಾಳಿಗೂ ಒಳಗೊಳಗೇ ಅನ್ನಿಸಿತ್ತು.

ಸಂಭವನೀಯತೆಯ ಪಾಠ ಬಂದಾಗ ಮಾಸ್ತರರು ಒಂದು ಲೆಕ್ಕ ಕೊಟ್ಟರು: ಮನೆಯಲ್ಲಿ ಎರಡು ಮಕ್ಕಳು, ಒಂದಾದರೂ ಹೆಣ್ಣೆಂದು ಗೊತ್ತು, ಎರಡೂ ಹೆಣ್ಣಾಗಿರುವ ಸಂಭವ ಎಷ್ಟು? ಅವಳು ಅರ್ಧ ಎಂದು ಬರೆದಳು. ತಪ್ಪಾಗಿತ್ತು. ಆಗಬಹುದಾದ ಎಲ್ಲವನ್ನೂ ಮೊದಲು ಬರೆಯಿರಿ, ಗೊತ್ತಿರುವ ಸಂಗತಿಗೆ ಹೊಂದದ್ದನ್ನು ಹೊಡೆದುಹಾಕಿ, ಉಳಿದದ್ದನ್ನಷ್ಟೇ ಎಣಿಸಿ ಎಂದರು ಮಾಸ್ತರರು. ಹೆಣ್ಣು-ಹೆಣ್ಣು, ಹೆಣ್ಣು-ಗಂಡು, ಗಂಡು-ಹೆಣ್ಣು, ಗಂಡು-ಗಂಡು. ಕೊನೆಯದು ಹೋಯಿತು, ಮೂರರಲ್ಲಿ ಒಂದು. ಊರಿಗೆ ಮರಳುವ ಬಸ್ಸಿನಲ್ಲಿ ಅವಳು ಅದೇ ರೀತಿಯಲ್ಲಿ ತನ್ನ ಮನೆಯ ಲೆಕ್ಕ ಹಿಡಿದಳು.

ಸಂಜೆ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಮಕ್ಕಳ ಎಂಟೂ ಬಗೆಗಳನ್ನು ಬರೆದು ಗಂಡನನ್ನೂ ಅತ್ತೆಯನ್ನೂ ಕರೆದಳು. ಮೊದಲೆರಡೂ ಹೆಣ್ಣಲ್ಲದ ಸಾಲುಗಳನ್ನು ಒದ್ದೆ ಅರಿವೆಯಿಂದ ಒರೆಸಿದಳು. ಎರಡೇ ಸಾಲು ಉಳಿದವು. ಒಂದರ ಕೊನೆಗೆ ಗಂಡು, ಇನ್ನೊಂದರ ಕೊನೆಗೆ ಹೆಣ್ಣು.

“ಪಾಳಿ ಅನ್ನೂದು ಇಲ್ರಿ ಅತ್ತಿ,” ಎಂದಳು. “ಭುವನಾ ಹುಟ್ಟೂ ಮುಂಚೆ ಎಷ್ಟಿತ್ತೋ ಈಗೂ ಅಷ್ಟ ಐತಿ, ಅರ್ಧಕ್ಕರ್ಧ. ಹಿಂದಿನ ಹೆರಿಗಿ ಮುಂದಿಂದನ್ನ ತಿದ್ದೂದಿಲ್ಲ.”

ಗುಡ್ಡವ್ವ ಸೋಲಲಿಲ್ಲ. “ಅರ್ಧರ ಐತೆಲ್ಲ, ಒಂದ್ಸಲ ನೋಡಿದ್ರ ಏನಾತು?”

“ಅದೂ ಹೆಣ್ಣಾದ್ರ ನಾಕನೇದಕ್ಕೂ ಇದ ಮಾತು ಬರತೈತಿ. ಆಗೂ ಅರ್ಧನ ಇರತೈತಿ. ನನಗ ಈ ಎರಡು ಸಾಕ್ರಿ.”

ಅತ್ತೆ ಎದ್ದು ಹೋದಳು. ಎಷ್ಟೋ ದಿನ ಸೊಸೆಯೊಡನೆ ಮಾತು ಬಿಟ್ಟಳು. ಸುಚಿತ್ರಾ ಟ್ಯೂಷನ್ ಬಿಡಲಿಲ್ಲ. ನೆಲದ ಮೇಲಿನ ಆ ಎರಡು ಸಾಲುಗಳನ್ನು ಬಹಳ ಹೊತ್ತು ನೋಡುತ್ತ ಕೂತಿದ್ದ ಮಲ್ಲೇಶಪ್ಪ, ಸುಗ್ಗಿ ಮುಗಿದ ಮೇಲೆ ಹಾವೇರಿಗೆ ಹೋಗಿ ತಾನೇ ಆಪರೇಷನ್ ಮಾಡಿಸಿಕೊಂಡು ಬಂದ. ತಾಯಿಗೂ ತಾನೇ ಹೇಳಿದ.

ಸುಚಿತ್ರಾ ಪಾಸಾದಳು, ಅಂಕ ಹೆಚ್ಚೇನೂ ಬರಲಿಲ್ಲ. ಈಗ ರಾಣೇಬೆನ್ನೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಬೆಳಗಿನ ಬಸ್ಸಿಗೆ ಅವಳು ಓಡುವಾಗ ಮಕ್ಕಳ ಜಡೆ ಹಾಕುವವಳು ಗುಡ್ಡವ್ವನೇ. ಮೊಮ್ಮಗನೊಬ್ಬ ಇರಬೇಕಿತ್ತು ಎಂದು ಈಗಲೂ ಅನ್ನುತ್ತಾಳೆ.